ಅವ್ವ ಒಳಗ ಕರದ ಪಟ್ಟಿ

ನಮ್ಮ ಮನಿ ಕಂಪ್ಯೂಟರ್ ಚಾಲೂ ಆತಂದ್ರ ನನ್ನ ಕಣ್ಣು ಮೊದಲು ಹೋಗೂದು ಪರದಿ ಮ್ಯಾಲಿನ ಅಂಚಿಗೆ. ಅಲ್ಲಿ ಇರಬೇಕಾದ್ದು ಅಷ್ಟ ಐತೋ, ಇಲ್ಲಾ ಮತ್ತೊಂದು ಪಟ್ಟಿ ಬಂದು ಕುಂತೈತೋ ಅಂತ ನೋಡೂತನಕ ಉಸಿರು ಬಿಡಂಗಿಲ್ಲ. ಏನೂ ಇರಂಗಿಲ್ಲ ಬಿಡ್ರಿ. ಆದ್ರೂ ನೋಡ್ತೀನಿ. ನಮ್ಮ ಮನಿಯವರು ನನಗ ‘ಗಾಬರಿ ಗಿರಿಜಾ’ ಅಂತ ಹೆಸರಿಟ್ಟು ವರ್ಷಗಟ್ಲೆ ಆತು, ನಾನೂ ಆ ಹೆಸರು ಒಪ್ಪಿಕೊಂಡು ಸುಮ್ಮನಾಗೀನಿ. ಶಹಾಪುರದಾಗ ಯಾದಗಿರಿ ಬಸ್ ಹತ್ತಿ, ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ದೋರನಹಳ್ಳಿಗೆ ಇಳದು ವಾಪಸ್ ಬಂದಾಕಿ ನಾನು. ಗ್ಯಾಸ್ ಬಂದ್ ಇತ್ತು. ಹಾಲು ಮಾತ್ರ ಮುಚ್ಚಿಟ್ಟಿದ್ದಿಲ್ಲ, ಬೆಕ್ಕು ಕುಡದಿತ್ತು. ಅಂದ್ರ ನನ್ನ ಗಾಬರಿ ಪೂರಾ ಸುಳ್ಳಾಗಂಗಿಲ್ಲ, ಜಾಗಾ ಅಷ್ಟ ತಪ್ಪತೈತಿ.

ಕೆಲಸಾನೂ ಅಂಥಾದ್ದ ಸಿಕ್ಕೈತಿ. ಊರಾಗಿನ ಒಂದು ಲ್ಯಾಬಿನ್ಯಾಗ ರಕ್ತ ತಪಾಸಣಿ ಮಾಡ್ತೀನಿ. ‘ನನಗೇನಾಗೈತ್ರಿ, ಗುಂಡಕಲ್ಲಿದ್ದಂಗ ಅದೀನಿ’ ಅಂತ ನಕ್ಕೋತ ಬಂದು ಕೈ ಚಾಚಿದವರ ರಕ್ತದಾಗ ಸಕ್ಕರಿ ತುಂಬಿ ತುಳುಕತಿರ್ತೈತಿ. ದಿನಾ ಇದನ್ನ ನೋಡಿ ನೋಡಿ, ಯಾರರ ಆರಾಮ ಅದೀನಿ ಅಂದ್ರ ನನಗ ಅಲ್ಲೇ ಸಂಶಯ ಸುರು ಆಗ್ತೈತಿ. ಇಂಥಾಕಿ ಮನ್ಯಾಗ ಕಂಪ್ಯೂಟರಿಗೆ ರೋಗ ಬಂದ್ರ ಹೆಂಗಾಗಬ್ಯಾಡ, ನೀವ ಹೇಳ್ರಿ.

ಆದರ ಪಟ್ಟಿ ಕಥಿ ಹೇಳೂಕಿಂತ ಮೊದಲು ಅವ್ವನ ಕಥಿ ಹೇಳಬೇಕು. ಅಪ್ಪ ಹೋದ ಮ್ಯಾಲ ಅವ್ವ ಸುರಪುರದಿಂದ ನಮ್ಮ ಮನಿಗೆ ಬಂದ್ಲು. ಬಂದ್ಲು ಅಂದ್ರ ತಪ್ಪಾಗ್ತೈತಿ, ನಾ ಹಟ ಹಿಡದು ಕರಕೊಂಡು ಬಂದೆ. ನಮ್ಮ ಕಡೆ ಮಗಳ ಮನ್ಯಾಗ ತಾಯಿ ಇರೂದಂದ್ರ ಭಾಳ ನಾಜೂಕಿನ ಮಾತು. ನಾಕು ದಿನ ಇದ್ದು ಉಂಡು ಹೋದ್ರ ಚಂದ, ಖಾಯಂ ಇದ್ದು ಬಿಟ್ರ ‘ಅಳಿಯನ ಮನ್ಯಾಗ ಬಿದ್ದಾಳ’ ಅಂತಾರ. ಅನ್ನೋರು ಎಲ್ಲಿ ಅದಾರೋ ನನಗಂತೂ ಗೊತ್ತಿಲ್ಲ, ಅವ್ವನ ಕಿವಿಗೆ ಮಾತ್ರ ಅವರು ದಿನಾ ಕೇಳ್ತಿದ್ರು. ಬಂದ ಹೊಸದಾಗ ಅಳಿಯ ಇದ್ದ ಕಡೆ ಕುರ್ಚಿ ಮ್ಯಾಲ ಕುಂಡ್ರುತಿದ್ದಿಲ್ಲ. ಸೆಕಿಯೊಳಗ ಬೆವರು ಸುರೀತಿದ್ರೂ ಫ್ಯಾನ್ ಹಚ್ಚೂಕಿಂತ ಮೊದಲು ನನ್ನ ಕಡೆ ನೋಡ್ತಿದ್ಲು. ನಮ್ಮ ಮನಿಯವರು ಪಾಪದ ಮನಷ್ಯಾ, ಯಾದಗಿರಿಯ ಹತ್ತಿ ಮಿಲ್ಲಿನ ಆಫೀಸಿಗೆ ಹೋಗ್ತಾರ ಬರ್ತಾರ, ‘ಅತ್ತೀ, ಇದು ನಿಮ್ಮ ಮನೀನರಿ’ ಅಂತ ಹೇಳಿ ಹೇಳಿ ದಣಿದ್ರು. ಅವ್ವ ಹೂಂ ಅಂತಿದ್ಲು, ಮತ್ತ ನೆಲದ ಮ್ಯಾಲ ಕುಂಡ್ರುತಿದ್ಲು.

ಆಕೀನ ಕುರ್ಚಿಗೆ ಏರಿಸಿದ್ದು ಕಂಪ್ಯೂಟರ್. ಸುರಪುರದ ನಮ್ಮ ಓಣ್ಯಾಗ ನಮ್ಮ ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿ ಮಾಬೂಬಿ ಖಾಲಾಂದು, ಖಾಲಾ ಅಂದ್ರ ಚಿಗವ್ವ. ಅವ್ವಗೂ ಆಕೀಗೂ ಒಂದ ವರ್ಷ ಮದಿವಿಯಾಗಿ, ಒಂದ ಓಣಿಗೆ ಸೊಸೆಂದಿರಾಗಿ ಬಂದ ದಿನದಿಂದ ಗೆಳೆತನ. ಒಬ್ಬಾಕಿ ಕನ್ನಡ, ಒಬ್ಬಾಕಿ ದಖ್ನಿ ಉರ್ದು. ಯಾರು ಯಾವಾಗ ಯಾವುದು ಮಾತಾಡಿದ್ರು ಅಂತ ಅವರಿಗೇ ನೆನಪಿರತಿದ್ದಿಲ್ಲ. ಈಗ ಖಾಲಾ ಹೈದರಾಬಾದಿನ್ಯಾಗ ಮಗಳು ಶಬಾನಾನ ಮನ್ಯಾಗ ಅದಾಳ. ಫೋನಿನ ಸಣ್ಣ ಪರದಿಯೊಳಗ ಅವ್ವಗ ಮುಖ ಕಾಣತಿದ್ದಿಲ್ಲ, ಪೊರಿ ತಗಿಸಿದ ಕಣ್ಣು. ಒಂದಿನ ನಮ್ಮ ಮನಿಯವರು ಪಡಸಾಲಿಯ ಕಂಪ್ಯೂಟರಿಗೆ ಕ್ಯಾಮೆರಾ ಹಚ್ಚಿ ಖಾಲಾನ ಮುಖ ತಾಟಿನಷ್ಟು ಮಾಡಿ ತೋರಿಸಿದ್ರು. ಅವ್ವ ಲಗೂನ ಸೆರಗು ಸರಿ ಮಾಡಿಕೊಂಡು “ಬಾರಬೇ ಮಾಬೂಬಿ, ಒಳಗ ಬಾ” ಅಂದ್ಲು. ಖಾಲಾ ಅಲ್ಲೇ ಅಳಾಕತ್ತಿದ್ಲು.

ಅವತ್ತಿನಿಂದ ಮಧ್ಯಾಹ್ನದ ಊಟ ಆತಂದ್ರ ಇಬ್ಬರೂ ಹಾಜರ್. ಅವ್ವ ತಾನ ಬಟನ್ ಒತ್ತೂದು ಕಲತ್ಲು, ತಾನ ಕುರ್ಚಿ ಎಳಕೊಳ್ಳೂದು ಕಲತ್ಲು. ಕೆಂಭಾವಿ ಸಂತಿಯೊಳಗ ಯಾರು ಸಿಕ್ಕಿದ್ರಂತ, ಯಾರ ಮೊಣಕಾಲು ನೋಯ್ತಾವಂತ, ಈಗಿನ ಸಜ್ಜಿ ಹಿಟ್ಟಿಗೆ ಯಾಕ ರುಚಿ ಇಲ್ಲ ಅಂತ. ಒಂದಿನ ನಾ ಅಡಗಿಮನ್ಯಾಗ ಇದ್ದಾಗ ಅವ್ವ ಪರದಿಗೆ ಹೇಳಾಕತ್ತಿದ್ದು ಕೇಳಿದೆ: “ನಮ್ಮ ಮನ್ಯಾಗ ಮುಂಜಾನಿ ನೀರು ಬರ್ತೈತಿ.” ನಮ್ಮ ಮನಿ ಅಂದ್ಲು. ಮಗಳ ಮನಿ ಅನ್ನಲಿಲ್ಲ, ಅಳಿಯಾರ ಮನಿ ಅನ್ನಲಿಲ್ಲ. ನಾ ರೊಟ್ಟಿ ಬಡಿಯೂದು ಬಿಟ್ಟು ಹಂಗ ನಿಂತಿದ್ದೆ, ರೊಟ್ಟಿ ಸೀದು ಹೋತು.

ಇಂಥಾದ್ದರಾಗ ಒಂದಿನ ಆ ಪಟ್ಟಿ ಬಂತು ನೋಡ್ರಿ.

ಲ್ಯಾಬಿನಿಂದ ಊಟಕ್ಕ ಬಂದವಳು ಏನೋ ಹುಡುಕಬೇಕಂತ ಕಂಪ್ಯೂಟರ್ ತಗದೆ. ಪರದಿ ಮ್ಯಾಲ ಬಣ್ಣಬಣ್ಣದ ಒಂದು ಪಟ್ಟಿ. ಅದರಾಗ ರಾಶಿ ಭವಿಷ್ಯ, ಹವಾಮಾನ, ರಮ್ಮಿ ಆಟ, ತೂಕ ಇಳಿಸೂ ಪುಡಿ. ನಾ ಹುಡುಕಿದ್ದು ಒಂದಾದ್ರ ಅದು ಒಯ್ದು ನಿಲ್ಲಿಸೂದು ಮತ್ತೊಂದು ಕಡೆ. ತಿದ್ದಾಕ ಹೋದ್ರ ಪೂರಾ ಪರದಿ ಕೆಂಪಾಗಿ, ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈ ಕೂಡಲೇ ಈ ನಂಬರಿಗೆ ಕರೆ ಮಾಡಿ’ ಅಂತ ಅಕ್ಷರ ಬಂದು, ಆಂಬುಲೆನ್ಸಿನಂಗ ಕೂಗು ಸುರು ಆತು. ಮ್ಯಾಲ ಮೂಲ್ಯಾಗ ಅರ್ಧಂಬರ್ಧ ಬಟ್ಟಿ ಹಾಕ್ಕೊಂಡ ಒಬ್ಬಾಕಿ ಕಣ್ಣು ಹೊಡ್ಯಾಕತ್ತಿದ್ಲು. ನಮ್ಮ ಬ್ಯಾಂಕಿನ ಗುಟ್ಟಿನ ನಂಬರು, ಅವರ ಮಿಲ್ಲಿನ ಕೆಲಸ, ಎಲ್ಲಾ ಅದರ ಹೊಟ್ಟ್ಯಾಗ ಇತ್ತು. ಕೈಕಾಲು ತಣ್ಣಗಾದ್ವು. ಬಾಯಿ ಮಾತ್ರ ಬಿಸಿ ಇತ್ತು.

“ಯಾರು ಒತ್ತ್ಯಾರ ಇದನ್ನ? ಕಂಡಕಂಡಿದ್ದಕ್ಕೆಲ್ಲಾ ಹೂಂ ಅಂತಾರೇನು? ತಲಿ ಇದ್ದವರು ಮಾಡೂ ಕೆಲಸೇನಿದು?” ಅಂತ ಒದರಿದೆ.

ನಾ ಒದರಿದ್ದು ನಮ್ಮ ಮನಿಯವರಿಗೆ. ಅವರಿಗೆ ರಮ್ಮಿ ಆಟದ ಚಟ ಹತ್ತೈತೇನೋ ಅಂತ ಒಂದು ಗಳಿಗ್ಯಾಗ ನನ್ನ ತಲಿ ಎಲ್ಲೆಲ್ಲೋ ಹೋಗಿ ಬಂದಿತ್ತು. ಅವರೋ ಯಾದಗಿರಿಯೊಳಗಿದ್ರು. ಮನ್ಯಾಗ ಇದ್ದಾಕಿ ಅವ್ವ ಒಬ್ಬಾಕಿನ, ಪಡಸಾಲಿ ಮೂಲ್ಯಾಗ ಕುಂತು ಶೇಂಗಾ ಸುಲೀತಿದ್ಲು. ಸಿಪ್ಪಿ ಬಳಕೊಂಡು, ಮೊರ ಎತಗೊಂಡು ಒಳಗ ಹೋದ್ಲು.

ಅವತ್ತು ಮಧ್ಯಾಹ್ನ ಕುರ್ಚಿಗೆ ಬರಲಿಲ್ಲ. ಕಣ್ಣು ಉರೀತಾವ ಅಂದ್ಲು. ಮರುದಿನ ತಲಿ ಭಾರ ಅಂದ್ಲು. ಅದರ ಮರುದಿನ ಚಾಪಿ ಹಾಸಿ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ಲು. ಫ್ಯಾನ್ ಹಚ್ಚಿದ್ದಿಲ್ಲ. ನಾ ಹಚ್ಚಿದ್ರ, “ಯಾಕ ಕರೆಂಟ್ ಸುಡ್ತಿ, ಇರಲಿ ಬಿಡು” ಅಂದ್ಲು. ಆವಾಗ ನನಗ ಹೊಳೀತು, ನಾ ಒದರಿದ್ದು ಎಲ್ಲಿ ಹೋಗಿ ಬಿದ್ದೈತಿ ಅಂತ.

ಒತ್ತಿದಾಕಿ ಅವ್ವನ ಇರಬೇಕು ಅಂತ ತಿಳಕೊಳ್ಳಾಕ ಜಾಣತನ ಬೇಕಾಗಿದ್ದಿಲ್ಲ. ಆಕಿ ಹುಟ್ಟಿದಾಗಿನಿಂದ ಬಾಗಲಿಗೆ ಬಂದವರಿಗೆ ‘ಬ್ಯಾಡ, ಮುಂದ ಹೋಗ್ರಿ’ ಅಂದಾಕೇ ಅಲ್ಲ. ನಾ ಸಣ್ಣಾಕಿದ್ದಾಗ ನಮ್ಮ ಕಟ್ಟಿಗೆ ಬಳಿಗಾರ, ಚಾಪಿಯವ, ಸುಣ್ಣದಾಕಿ, ಶಾಸ್ತ್ರ ಹೇಳೂವ ಯಾರು ಬಂದ್ರೂ, ಮುಖ ನೋಡೂಕಿಂತ ಮೊದಲ ಒಳಗಿಂದ ‘ಬರ್ರಿ’ ಅಂತಿದ್ಲು. ತಗೊಳ್ಳೂದು ಬಿಡೂದು ಆಮ್ಯಾಲಿನ ಮಾತು, ಮೊದಲು ನೀರು, ಆಮ್ಯಾಲ ಚಾ. ಒಮ್ಮೆ ಕಲಾಯಿ ಹಾಕೂವ ಒಬ್ಬ ಬಂದ. ಗುರತಿಲ್ಲ ಪರಿಚಯಿಲ್ಲ, ಅವ್ವ ಮನ್ಯಾಗಿನ ತಾಮ್ರ ಹಿತ್ತಾಳಿ ಎಲ್ಲಾ ಅವನ ಗಾಡಿಗೆ ಏರಿಸಿ ಕಳಿಸಿದ್ಲು. ಸಂಜಿಗೆ ಬರ್ತೀನಿ ಅಂದವ ಬರಲಿಲ್ಲ. ವಾರ ಹೋತು, ಅಪ್ಪ ಮಾತು ಬಿಟ್ಟ, ನಾ ದಿನಾ ಸಾಲಿಗೆ ಹೋಗೂವಾಗ ಕಂಡಕಂಡ ಗಾಡಿಯೊಳಗ ನಮ್ಮ ಹಂಡೇವು ಹುಡುಕತಿದ್ದೆ. ನನ್ನ ಗಾಬರಿ ಸುರು ಆದದ್ದ ಅಲ್ಲಿಂದ ಇರಬೇಕು. ಕಡೀಗೊಂದಿನ ಅವ ಜ್ವರ ಬಂದು ಸೊರಗಿದ ಮುಖ ಹೊತ್ತು ಬಂದ, ಹಂಡೇವು ಫಳಫಳ ಅಂತಿದ್ವು. ಅವ್ವ ಅಪ್ಪನ ಕಡೆ ಒಮ್ಮೆ ನೋಡಿ, ಅವನಿಗೆ ಊಟಕ್ಕ ಹಾಕಿದ್ಲು.

ಅಂಥಾಕಿ ಮುಂದ ಕಂಪ್ಯೂಟರ್ ಒಂದು ಡಬ್ಬಿ ತಗದು, ಕೈ ಮುಗಿಯೂ ಗೊಂಬಿ ತೋರಿಸಿ, ‘ನಮಸ್ಕಾರ, ನಿಮ್ಮ ಸೇವೆಗೆ ಬರಬಹುದೇ?’ ಅಂತ ಕೇಳಿದ್ರ ಏನಂತಾಳ? ಬರ್ರಿ ಅಂತಾಳ.

ಎರಡನೇ ಗಾಬರಿ ಹಗ್ಗದ ಮ್ಯಾಲ ಕಂಡಿತು. ಅವ್ವ ಸುರಪುರದಿಂದ ಬರೂವಾಗ ತಂದಿದ್ದ ಅರಿಬಿ ಚೀಲ ಗ್ವಾಡಿ ಮಾಡದಾಗ ಇಟ್ಟಿದ್ಲು. ಅದನ್ನ ತಗದು, ತೊಳದು, ಹಿತ್ತಲದ ಹಗ್ಗಕ್ಕ ಹಾಕಿದ್ಲು. ಯಾಕಬೇ ಅಂತ ಕೇಳಿದ್ರ, ಧೂಳ ಹಿಡದಿತ್ತು ಅಂದ್ಲು. ಸಂಜಿಗೆ ನಮ್ಮ ಮನಿಯವರಿಗೆ ಸುರಪುರದ ಬಸ್ ಈಗ ಯಾವ ಹೊತ್ತಿಗೆ ಬಿಡ್ತಾವ ಅಂತ ಹಂಗ ಸುಮ್ಮನ ಕೇಳಿದಂಗ ಕೇಳಿದ್ಲು. ನಾ ಲ್ಯಾಬಿನ್ಯಾಗ ಯಾರದೋ ಕೈಗೆ ಸೂಜಿ ಚುಚ್ಚೂವಾಗೂ ಆ ಚೀಲ ಒಣಗಿರಬಹುದೇನು ಅನ್ನೂದ ಯೋಚನಿ.

ಪಟ್ಟಿ ಹೋತಂದ್ರ ಎಲ್ಲಾ ಸರಿ ಹೋಗ್ತೈತಿ ಅಂತ ನಾ ತಿಳಕೊಂಡಿದ್ದೆ. ಪಟ್ಟಿ ತುದಿಗಿನ ಗುಣಾಕಾರ ಚಿಹ್ನಿ ಒತ್ತಿದೆ, ಹೋತು. ಬಂದ್ ಮಾಡಿ ಚಾಲೂ ಮಾಡಿದ್ರ ಬಂದು ಕುಂತೈತಿ. ಬ್ರೌಸರಿನ ಒಳಗ ಹೊಕ್ಕು, ಹೆಚ್ಚಿಗೆ ಜೋಡಿಸಿದ ಸಾಮಾನು ಎಲ್ಲಿರ್ತಾವ ಅಂತ ಹುಡುಕಿ, ಗುರತಿಲ್ಲದ್ದನ್ನೆಲ್ಲಾ ಕಿತ್ತು ಒಗದೆ. ಮತ್ತ ಬಂತು. ನಮ್ಮ ಮನಿಯವರು ತಮ್ಮ ವಿದ್ಯಾ ತೋರಿಸಿದ್ರು: ಮೇನ್ ಸ್ವಿಚ್ ಬಂದ್ ಮಾಡಿ, ಒಂದು ಕಪ್ಪು ಚಾ ಕುಡದು, ಮತ್ತ ಹಚ್ಚಿದ್ರು. ಪಟ್ಟಿ ಅವರಿಗಿಂತ ಮೊದಲ ಬಂದು ಕುಂತಿತ್ತು. ಯಾದಗಿರಿಯೊಳಗ ಒಬ್ಬ ರಿಪೇರಿಯವನ್ನ ಕೇಳಿದ್ರಂತ, ತಂದು ಬಿಟ್ಟು ಹೋಗ್ರಿ, ಪೂರಾ ಅಳಿಸಿ ಹೊಸದಾಗಿ ಹಾಕ್ತೀನಿ ಅಂದನಂತ. ನಾ ಬಿಲ್‌ಕುಲ್ ಬ್ಯಾಡ ಅಂದೆ. ಕಂಪ್ಯೂಟರ್ ಮನಿ ಬಿಟ್ಟು ದವಾಖಾನಿಗೆ ಹೋತಂದ್ರ, ಅಳಿಯನ ಸಾಮಾನು ಪೂರಾ ಕೆಡಿಸಿಬಿಟ್ಟೆ ಅಂತ ಅವ್ವ ಅವತ್ತ ಬಸ್ ಹತ್ತತಾಳ.

ಕಡೀಗೆ ಆಯಿತವಾರ ಮುಂಜಾನಿ ನಾನ ಕುಂತೆ. ಫೋನಿನ್ಯಾಗ ಯಾರೋ ಪುಣ್ಯಾತ್ಮ ಹೇಳಿಕೊಡೂ ವಿಡಿಯೋ ಹಚ್ಚಿಕೊಂಡು, ಅವ ಒಂದು ಮಾತು ಹೇಳಿದ ಕೂಡಲೇ ನಿಲ್ಲಿಸಿ, ಅಷ್ಟು ಮಾಡಿ, ಮತ್ತ ಅವನ್ನ ಮಾತಾಡಿಸಿ. ಬ್ಯಾನಿ ಬ್ರೌಸರಿನ್ಯಾಗ ಅಷ್ಟ ಇಲ್ಲ, ಕಂಪ್ಯೂಟರಿನ ಒಳಗ ಒಂದು ಪ್ರೋಗ್ರಾಂ ಕುಂತು ಪಟ್ಟಿನ್ನ ಮತ್ತ ಮತ್ತ ಹುಟ್ಟಸತೈತಿ ಅಂತ ತಿಳೀತು. ಹುಡುಕಿದ್ರ ಸಿಕ್ತು, ‘ಸ್ಪೀಡ್’ ಅಂತ ಏನೋ ಸಭ್ಯಸ್ಥರ ಹೆಸರಿಟ್ಟುಕೊಂಡಿತ್ತು. ತಗೀಬೇಕು ಅಂದ ಕೂಡಲೇ ಕಣ್ಣೀರು ಹಾಕೂ ಗೊಂಬಿ ಬಂತು. ಖರೇನ ತಗೀತೀರಾ ಅಂತು. ನಿಮ್ಮ ಕಂಪ್ಯೂಟರ್ ನಿಧಾನ ಆಗ್ತೈತಿ ಅಂತು. ಇನ್ನೊಮ್ಮೆ ವಿಚಾರ ಮಾಡ್ರಿ ಅಂತು. ಯಾವ ಬಟನ್ ಒತ್ತಿದ್ರ ಹೋಗ್ತೈತಿ, ಯಾವುದು ಒತ್ತಿದ್ರ ಇರ್ತೈತಿ ತಿಳೀದಂಗ ಬರದಿದ್ರು. ಇಷ್ಟು ಕಲತ ನನಗ ಬೆವರು ಬಂತಲ್ಲ, ಅವ್ವನ ಮುಂದ ಇದು ನಿಂತಾಗ ಆಕಿ ಪಾಡೇನಾಗಿರಬೇಕು ಅನ್ನಿಸ್ತು.

ಅದನ್ನ ತಗದು, ಕಂಪ್ಯೂಟರ್ ಪೂರಾ ತಪಾಸಿಸೂ ಆ್ಯಂಟಿವೈರಸ್ ಓಡಿಸಿದೆ. ಅದೂ ಕಳ್ಳ ಇದ್ರ ಹೆಂಗ ಅಂತ ಮತ್ತೊಂದು ಗಾಬರಿ. ಅದು ಒಂದೊಂದ ಫೈಲು ನೋಡ್ಕೋತ ಹೋಗೂತನಕ ನಾ ಕುರ್ಚಿ ಬಿಟ್ಟು ಏಳಲಿಲ್ಲ. ಅಬ್ಬೆತುಮಕೂರು ಮಠದ ಅಜ್ಜಾಗ ಕಾಯಿ ಒಡಸ್ತೀನಿ ಅಂತ ಬೇಡಿಕೊಂಡೆ. ಸಿಕ್ಕ ಹೊಲಸೆಲ್ಲಾ ಅಳಿಸಿ, ಗುಟ್ಟಿನ ನಂಬರು ಬದಲಿ ಮಾಡಿ, ಕಣ್ಣು ಮುಚ್ಚಿ ಕಂಪ್ಯೂಟರ್ ಮತ್ತ ಚಾಲೂ ಮಾಡಿದೆ. ಪರದಿ ಅಂಚು ಖಾಲಿ ಇತ್ತು. ಪಟ್ಟಿ ಇಲ್ಲ, ಕಣ್ಣು ಹೊಡಿಯಾಕಿ ಇಲ್ಲ.

ಹಿಗ್ಗಿಲೆ ಒಳಗ ಓಡಿ, ಅವ್ವಾ ಸರಿ ಆತು, ಕರೆಂಟಿನ ತ್ರಾಸಿತ್ತಂತ, ಯಾರದೂ ತಪ್ಪಿಲ್ಲ ಅಂತ ಸುಳ್ಳು ಪೋಣಿಸಿದೆ. ಅವ್ವ ನನ್ನ ಮುಖ ನೋಡಿದ್ಲು.

“ನಾನ ಒತ್ತೀನಿ, ನನಗ ಗೊತ್ತೈತಿ,” ಅಂದ್ಲು. “ಪರರ ಮನಿ ಸಾಮಾನು ಯವ್ವಾ. ನನ್ನ ಕೈ ತಾಗೂದು ಬ್ಯಾಡ.”

ಪರರ ಮನಿ. ನಾ ತೊಳದದ್ದು ಕಂಪ್ಯೂಟರ್, ಮಾತು ಹಂಗ ಉಳದಿತ್ತು. ಹಿತ್ತಲಕ್ಕ ಹೋಗಿ ನೋಡಿದ್ರ ಹಗ್ಗದ ಮ್ಯಾಲ ಚೀಲ ಇದ್ದಿದ್ದಿಲ್ಲ, ಮಡಚಿ ಒಳಗ ಒಯ್ದಿದ್ಲು.

ಅಳು ಬಂತು. ಯಾರ ಮುಂದ ಹೇಳ್ಲಿ ಅಂತ ಹೈದರಾಬಾದಿಗೆ ಶಬಾನಾಗ ಫೋನ್ ಹಚ್ಚಿದೆ. ಖಾಲಾನ ಕಡೆಯಿಂದ ಒಂದು ಮಾತು ಹೇಳಿಸಿದ್ರ ಅವ್ವ ಕೇಳಬಹುದು ಅಂತ ಆಸೆ. ನಾ ಬಾಯಿ ತಗಿಯೂಕಿಂತ ಮೊದಲ ಶಬಾನಾ ಸುರು ಮಾಡಿದ್ಲು. ಅವರ ಮನಿ ಲ್ಯಾಪ್‌ಟಾಪಿಗೂ ಅದ ಪಟ್ಟಿ ಬಂದಿತ್ತಂತ. ಅದ ರಾಶಿ ಭವಿಷ್ಯ, ಅದ ಕೂಗು. ಆಕಿ ಸಿಟ್ಟಿಗೆದ್ದು ಒದರಿದ್ಲಂತ, ಅಮ್ಮಿ ಅವತ್ತಿನಿಂದ ಲ್ಯಾಪ್‌ಟಾಪ್ ಮುಟ್ಟವಲ್ಲಳಂತ, ಸರಿಯಾಗಿ ಉಣ್ಣವಲ್ಲಳಂತ. ‘ಮತ್ತ ಅದು ಬಂದದ್ದು ನಿಮ್ಮ ಕಡೆಯಿಂದ ಅಕ್ಕಾ, ಬೇಜಾರ ಮಾಡ್ಕೋಬ್ಯಾಡ್ರಿ’ ಅಂದ್ಲು.

ನನಗ ತಿಳೀಲಿಲ್ಲ. ಶಬಾನಾ ತಾನ ಬಿಡಿಸಿ ಹೇಳಿದ್ಲು. ಪಟ್ಟಿ ಒಳಗ ಬಂದ ಮ್ಯಾಲ ಮತ್ತೊಂದು ಡಬ್ಬಿ ತಗದು, ಅದರಾಗ ಖಾಲಾನ ಫೋಟೋ ತೋರಿಸಿ, ‘ಇವರಿಗೂ ಕಳುಹಿಸಬಹುದೇ?’ ಅಂತ ಕೇಳಿರತೈತಿ. ಅವ್ವ ಹೂಂ ಅಂದಾಳ. ಅನ್ನದ ಏನ್ ಮಾಡ್ಯಾಳು? ಸುರಪುರದ ಆ ಎರಡು ಮನಿ ನಡುವ ಪಂಚಮಿ ಉಂಡಿ ಆಕಡೆ ಹೋದ್ರ, ರಂಜಾನಿನ ಶೀರಕುರ್ಮಾ ಈಕಡೆ ಬರ್ತಿತ್ತು. ಬಟ್ಟಲ ಖಾಲಿ ತಿರುಗಿ ಕೊಡೂ ಪದ್ಧತಿ ಇಬ್ಬರಿಗೂ ಇದ್ದಿದ್ದಿಲ್ಲ. ಏನಿಲ್ಲಂದ್ರ ಒಂದು ಚಿಟಿಕಿ ಸಕ್ಕರಿ ಹಾಕಿ ಕೊಡ್ತಿದ್ರು. ತನ್ನ ಮನಿಗೆ ಏನೋ ಒಂದು ಬಂತಂದ್ರ ಅದರಾಗ ಮಾಬೂಬಿ ಪಾಲು ತಗದಿಡದಿದ್ರ ಅವ್ವನ ಗಂಟಲದಾಗ ತುತ್ತು ಇಳೀತಿದ್ದಿಲ್ಲ. ಪಟ್ಟಿ ಬಂತು, ಪಾಲು ಕಳಿಸ್ಯಾಳ. ಖಾಲಾನೋ, ಗಂಗಾ, ಅಂದ್ರ ನಮ್ಮವ್ವ, ಕಳಿಸ್ಯಾಳಂದ್ರ ಇಸಗೊಳ್ಳದ ಬಿಡಾಕಿ ಅಲ್ಲ.

ನಾನು ಶಬಾನಾ ಫೋನ್ ಹಿಡಕೊಂಡು ನಗಬೇಕೋ ಅಳಬೇಕೋ ತಿಳೀದ ಕುಂತ್ವಿ. ಅವರ ಲ್ಯಾಪ್‌ಟಾಪನ್ನ ಅವರ ಓಣ್ಯಾಗಿನ ಒಬ್ಬರು ಆಗ್ಲೇ ಸರಿ ಮಾಡಿದ್ರಂತ. ಸರಿಯಾಗಬೇಕಾದವರು ಇಬ್ಬರು ಅಷ್ಟ ಉಳದಿದ್ರು.

ಒಳಗ ಹೋಗಿ ಅವ್ವನ ಮುಂದ ಕುಂತು ಈ ಸಲ ಖರೇ ಹೇಳಿದೆ. ನೀ ಕಳಿಸಿದ್ದು ಖಾಲಾನ ಮನಿಗೂ ಮುಟ್ಟೈತಿ, ಆಕೀಗೂ ಶಬಾನಾ ಬೈದಾಳ, ಆಕಿ ಉಣವಲ್ಲಳು ಅಂದೆ. ಅವ್ವ ಮಲಕೊಂಡಾಕಿ ಎದ್ದು ಕುಂತ್ಲು.

“ನನ್ನ ಸಲವಾಗಿ ಆಕಿಗ್ಯಾಕ ಬೈದ್ರು?” ಅಂದ್ಲು. “ಹಚ್ಚು ಅದನ್ನ. ಲಗೂನ ಹಚ್ಚು.”

ಸೆರಗು ಬಿಗಿದು ಪಡಸಾಲಿಗೆ ಬಂದು ಕುರ್ಚಿ ಎಳಕೊಂಡ್ಲು. ನಾ ಬ್ರೌಸರಿನ ಒಳಗಿನದೆಲ್ಲಾ ಅಳಿಸಿ ಹೊಸದಾಗಿ ಮಾಡಿದ್ದಕ್ಕ ಕಂಪ್ಯೂಟರ್ ಮತ್ತ ಒಂದು ಡಬ್ಬಿ ತಗದು, ಕ್ಯಾಮೆರಾ ಚಾಲೂ ಮಾಡಲೇನು ಅಂತ ಕೇಳಿತು. ಅವ್ವನ ಕೈ ಗಾಳ್ಯಾಗ ನಿಂತು ಬಿಡ್ತು. ನನ್ನ ಕಡೆ ನೋಡಿದ ನೋಟ ನನಗ ಈಗ್ಲೂ ಕಣ್ಣಿಗೆ ಕಟ್ಟಿದಂಗೈತಿ. ಸಣ್ಣ ಹುಡುಗ್ಯಾರು ಮಾಸ್ತರ ಮುಂದ ನೋಡಿದಂಗಿತ್ತು. “ಒತ್ತಬೇ, ಇದು ನಮ್ಮದ,” ಅಂದೆ. ಒತ್ತಿದ್ಲು. ಆಮ್ಯಾಲ ನನಗ, “ನೀ ಆಕಡಿ ಹೋಗು,” ಅಂದ್ಲು.

ನಾ ಅಡಗಿಮನಿ ಬಾಗಲ ಹಿಂದ ನಿಂತೆ. ಖಾಲಾನ ಮುಖ ಬಂದಿರಬೇಕು.

“ಇತ್ತೆ ದಿನ ಕಾಂ ಥೀ ಗೇ ಗಂಗಾ?” ಅಂದ್ಲು ಖಾಲಾ. ಇಷ್ಟು ದಿನ ಎಲ್ಲಿದ್ದಿ ಅಂತ.

“ನಿನಗ ಬೈದ್ಳಂತಲ್ಲ?” ಅಂದ್ಲು ಅವ್ವ.

“ಬೈದ್ಳು. ನಿನಗ?”

ನಾ ಬೈದದ್ದರ ಬಗ್ಗೆ ಇಷ್ಟು ದಿನ ನನ್ನ ಮುಂದ ಒಂದು ಮಾತು ಆಡಿದ್ದಿಲ್ಲ ಅವ್ವ.

“ನನಗೂ ಬೈದ್ಳು,” ಅಂದ್ಲು, ಆಮ್ಯಾಲ ಆಕಿ ದನಿ ಏರಿತು. “ತಲಿ ಇಲ್ಲೇನು ಅಂದ್ಲು ಮಾಬೂಬಿ, ನನಗ. ಹಿಟ್ಟಿನ ಡಬ್ಬಿಯೊಳಗ ಸೀಮಿಎಣ್ಣಿ ಸುರುವಿದಾಕಿ ಈಕಿ, ವಾರ ಪೂರಾ ಅದ ವಾಸನಿ ರೊಟ್ಟಿ ತಿಂದೀವಿ, ನಾ ಒಂದು ಮಾತು ಅಂದೀನೇನು? ಕೇಳು ಆಕೀನ.” ಅಲ್ಲಿಂದ ಹಿಡಕೊಂಡು ನಾ ಹುಟ್ಟಿದಾಗಿನ ಹಟ, ಸಾಲಿಗೆ ಹೋಗೂವಾಗಿನ ರಗಳಿ, ಸಾರಿಗೆ ಎರಡು ಸಲ ಉಪ್ಪು ಹಾಕೂ ನನ್ನ ಗಡಿಬಿಡಿ, ಒಂದೂ ಬಿಡಲಿಲ್ಲ. ಆಕಡೆಯಿಂದ ಖಾಲಾ ಶಬಾನಾನ ಜಾತಕ ತಗದಿದ್ಲು. ಓಣಿ ಮಂದಿಗೆಲ್ಲಾ ಕೇಳೂವಂಗ ಅವ್ವ ನಮ್ಮ ಮನಿ ಪಡಸಾಲ್ಯಾಗ ಕುಂತು ನನ್ನ ಬೈಯಾಕತ್ತಿದ್ಲು. ನಾ ಬ್ಯಾಳಿ ಸಾರಿನ ಸೌಟು ಕೈಯಾಗ ಹಿಡಕೊಂಡು, ಕಣ್ಣು ಒರಸಿಕೋತ, ಇನ್ನೂ ಸ್ವಲ್ಪ ಬೈಯಲಿ ಅಂತ ಬಾಗಲ ಹಿಂದ ಹಂಗ ನಿಂತೆ.